ಲಂಗರಿನ ತೂಕ ಕೇಳುವ ಮೊದಲು ಹಗ್ಗ ಅಳೆಯಿರಿ

ಸಣ್ಣ ದೋಣಿಗೆ ಲಂಗರು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಕೆ.ಜಿ. ಇದೆ?’ ಎಂದು. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ಲೆಕ್ಕ ಇದರ ಹಿಂದಿದೆ. ಆ ಲೆಕ್ಕ ತಪ್ಪು. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ಸಣ್ಣ ದೋಣಿಗಳ ಮಾನದಂಡ ಮಂಡಳಿಯ ಕೋಷ್ಟಕದಂತೆ, 20 ಅಡಿ ದೋಣಿಯ ಲಂಗರಿನ ಮೇಲೆ 15 ನಾಟ್ ಗಾಳಿಯಲ್ಲಿ ಸುಮಾರು 40 ಕೆ.ಜಿ., 30 ನಾಟ್ ಗಾಳಿಯಲ್ಲಿ ಸುಮಾರು 160 ಕೆ.ಜಿ. ಎಳೆತ ಬೀಳಬಹುದು. ಇಷ್ಟು ಎಳೆತವನ್ನು ಬರೀ ಭಾರದಿಂದ ತಡೆಯುವ ಕಬ್ಬಿಣವನ್ನು ಯಾರೂ ಕೈಯಲ್ಲಿ ಎತ್ತಿ ಹಾಕಲಾರರು. ಲಂಗರು ನೆಲ ಕಚ್ಚಬೇಕು, ಎಳೆದಷ್ಟೂ ಒಳಗೆ ಹೂಳಬೇಕು. ಹೀಗೆ ಹೂತರೆ ಐದು ಕೆ.ಜಿ.ಯ ಲಂಗರೂ ತನ್ನ ತೂಕದ ಹತ್ತಾರು ಪಟ್ಟು ಎಳೆತ ತಡೆಯುತ್ತದೆ.

ಹಿಂದಿನವರು ಕಲ್ಲು ಕಟ್ಟಿಯೇ ದೋಣಿ ನಿಲ್ಲಿಸುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನಿಲ್ಲಿಸುತ್ತಿದ್ದರು, ದ್ವಾರಕೆಯ ಕಡಲ ತಳದಲ್ಲಿ ಪುರಾತತ್ವಜ್ಞರಿಗೆ ಸಿಕ್ಕ ರಂಧ್ರವುಳ್ಳ ಕಲ್ಲುಗಳೇ ಅದಕ್ಕೆ ಸಾಕ್ಷಿ. ಆದರೆ ಗ್ರಾನೈಟ್ ಕಲ್ಲು ನೀರಿಗಿಳಿದೊಡನೆ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. 20 ಕೆ.ಜಿ. ಕಲ್ಲು ತಳದಲ್ಲಿ ಸುಮಾರು ಹನ್ನೆರಡೂವರೆ ಕೆ.ಜಿ. ಆಗುತ್ತದೆ, ನೆಲದ ಮೇಲೆ ಜಾರುವಾಗ ಅದರಲ್ಲೂ ಒಂದು ಪಾಲಷ್ಟೇ ತಡೆಯುತ್ತದೆ. ಕ್ಯಾನಿಗೆ ಕಾಂಕ್ರೀಟ್ ತುಂಬಿ ಮಾಡಿದ ಲಂಗರು ಇನ್ನೂ ಕಡೆ. ಶಾಂತವಾದ ಹಿನ್ನೀರಿನಲ್ಲಿ ಗಾಳ ಹಾಕಿ ಕೂರುವಷ್ಟು ಹೊತ್ತಿಗೆ ಕಲ್ಲು ಸಾಕು. ದೋಣಿ ಬಿಟ್ಟು ಮನೆಗೆ ಹೋಗುವವರು ಅದನ್ನು ನಂಬಬಾರದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಉತ್ತರ ನೀವು ನಿಲ್ಲಿಸುವ ಜಾಗದ ತಳದಲ್ಲಿದೆ. ದಾರಕ್ಕೆ ಸೀಸದ ಗುಂಡು ಕಟ್ಟಿ, ಅದರ ಅಡಿಗೆ ಗ್ರೀಸ್ ಮೆತ್ತಿ ಇಳಿಸಿ ಎತ್ತಿದರೆ ಹೊಯಿಗೆಯೋ ಕೆಸರೋ ಅಂಟಿಕೊಂಡು ಬರುತ್ತದೆ. ಏನೂ ಅಂಟದಿದ್ದರೆ ಬಂಡೆ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಂತೆ ಕಾಣುವ ಕೊಕ್ಕೆ ಲಂಗರು ಬಂಡೆಗೆ ಸರಿ. ಮರಳಿನಲ್ಲಿ ಅದರ ಸಪೂರ ಕೊಕ್ಕೆಗಳು ಉಳುತ್ತಾ ಬರುತ್ತವೆ. ಅಗ್ಗ, ಮಡಚಿಡಬಹುದು ಎಂದು ಹೆಚ್ಚಿನವರು ಕೊಳ್ಳುವುದು ಇದನ್ನೇ. ಮರಳು ತಳದಲ್ಲಿ ರಾತ್ರಿಯಿಡೀ ನಿಲ್ಲಿಸಲು ಇದು ಬೇಡ. ಮರಳು ಮತ್ತು ಕೆಸರಿಗೆ ಎರಡು ಅಗಲ ಅಲಗುಗಳ ಡ್ಯಾನ್‌ಫೋರ್ತ್ ಮಾದರಿ ಒಳ್ಳೆಯದು. ಎರಡನೇ ಮಹಾಯುದ್ಧದಲ್ಲಿ ದಡಕ್ಕೆ ಸೈನ್ಯ ಇಳಿಸುವ ದೋಣಿಗಳಲ್ಲಿ ಬಳಸಿದ್ದು ಇದನ್ನು. ಇದಕ್ಕೊಂದು ದೌರ್ಬಲ್ಯವಿದೆ. ಅಳಿವೆಯಲ್ಲಿ ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಿಸಿದಾಗ ಇದು ಕಿತ್ತು ಬಂದು, ಅಲಗಿನ ನಡುವೆ ಕಲ್ಲೋ ಕಸವೋ ಸಿಕ್ಕಿಕೊಂಡು, ಮತ್ತೆ ಕಚ್ಚದೇ ಹೋಗಬಹುದು. ಅಂಥ ಕಡೆ ನೇಗಿಲ ಮಾದರಿಯೇ ಲೇಸು. ಭೌತವಿಜ್ಞಾನಿ ಜಿ.ಐ. ಟೇಲರ್ 1933ರಲ್ಲಿ ರೂಪಿಸಿದ ಈ ಲಂಗರು ತಿರುಗಿದರೂ ಮತ್ತೆ ಹೂಳಿಕೊಳ್ಳುವ ಗುಣವುಳ್ಳದ್ದು. 20 ಅಡಿಯ ಹಗುರ ಫೈಬರ್ ದೋಣಿಗೆ ಡ್ಯಾನ್‌ಫೋರ್ತ್ ಆದರೆ 4ರಿಂದ 6 ಕೆ.ಜಿ., ನೇಗಿಲಾದರೆ 6ರಿಂದ 8 ಕೆ.ಜಿ. ಬಲೆ, ಮೀನು ಹೊರುವ ದೋಣಿಗೆ ಒಂದು ಅಳತೆ ದೊಡ್ಡದು.

ಇಷ್ಟೆಲ್ಲ ಸರಿಯಾಗಿ ಆರಿಸಿದವರೂ ಎಡವುವುದು ಹಗ್ಗದಲ್ಲಿ. ಲಂಗರು ಹೂಳಬೇಕಾದರೆ ಎಳೆತ ನೆಲಕ್ಕೆ ಸಮನಾಗಿ ಬರಬೇಕು. ಮೇಲಕ್ಕೆ ಎಳೆದರೆ ಎಂಥ ಲಂಗರೂ ಗದ್ದೆಯ ಕಳೆಯಂತೆ ಕಿತ್ತು ಬರುತ್ತದೆ. ಇಳಿತದ ಹೊತ್ತಿಗೆ ನಾಲ್ಕು ಮೀಟರ್ ಆಳ ನೋಡಿ, ಮೂರು ಪಟ್ಟು ಸಾಕೆಂದು 12 ಮೀಟರ್ ಹಗ್ಗ ಬಿಟ್ಟವರ ಗತಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ನಮ್ಮ ಕರಾವಳಿಯಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರುತ್ತದೆ, ಕಾರವಾರದ ಕಡೆ ಇನ್ನೂ ಹೆಚ್ಚು. ಹಗ್ಗ ಕಟ್ಟುವ ದೋಣಿಯ ಮೂತಿ ನೀರಿನಿಂದ ಅರ್ಧ ಮೀಟರ್ ಮೇಲಿರುತ್ತದೆ. ಒಟ್ಟು ಎತ್ತರ ಆರು ಮೀಟರ್ ಆಯಿತು, ಹಗ್ಗ ಎರಡೇ ಪಟ್ಟು ಉಳಿಯಿತು, ಬಿಗಿದ ಹಗ್ಗ ನೆಲದಿಂದ 30 ಡಿಗ್ರಿ ಮೇಲೆದ್ದಿತು. ಅದೇ ಆರು ಮೀಟರಿಗೆ 30 ಮೀಟರ್ ಬಿಟ್ಟಿದ್ದರೆ ಕೋನ ಹನ್ನೆರಡು ಡಿಗ್ರಿಯೊಳಗೆ, 42 ಮೀಟರ್ ಬಿಟ್ಟಿದ್ದರೆ ಎಂಟರ ಆಸುಪಾಸು. ಆದ್ದರಿಂದ ಭರತದ ಆಳಕ್ಕೆ ಮೂತಿಯ ಎತ್ತರ ಕೂಡಿಸಿ ಐದರಿಂದ ಗುಣಿಸಿ, ಗಾಳಿಯಿದ್ದರೆ ಏಳರಿಂದ. ಮಾರು ಲೆಕ್ಕದಲ್ಲಿ ಅಳೆಯುವವರಿಗೂ ಇದೇ ಸೂತ್ರ. ಬಂದರಿನಲ್ಲಿ ಅಷ್ಟು ಹಗ್ಗ ಬಿಟ್ಟರೆ ದೋಣಿ ಸುತ್ತಿ ಪಕ್ಕದ್ದಕ್ಕೆ ಬಡಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಜಟ್ಟಿಗೆ ಕಟ್ಟುವುದು ಅಥವಾ ಎರಡು ಲಂಗರು ಹಾಕುವುದು. ಹಗ್ಗ ಮೊಟಕು ಮಾಡಿದರೆ ಲಂಗರು ಜಾರಿ, ತಪ್ಪಿಸಲು ಹೊರಟ ಬಡಿತವೇ ಆಗುತ್ತದೆ. ಹಡಗುಗಳು ಕಡಿಮೆ ಸರಪಳಿಯಲ್ಲೇ ನಿಲ್ಲುತ್ತವಲ್ಲ ಎನ್ನುವವರು ಆ ಸರಪಳಿಯ ತೂಕ ಟನ್ನುಗಳಲ್ಲಿರುತ್ತದೆ ಎಂಬುದನ್ನು ಮರೆಯುತ್ತಾರೆ.

ಹಗ್ಗ 10–12 ಮಿ.ಮೀ. ನೈಲಾನ್ ಇರಲಿ, ಅದು ಹಿಗ್ಗಿ ಅಲೆಯ ಜಗ್ಗು ತಾಳಿಕೊಳ್ಳುತ್ತದೆ. ತೇಲುವ ಪಾಲಿಪ್ರೊಪಿಲೀನ್ ಹಗ್ಗ ಬೇರೆ ದೋಣಿಯ ಪಂಖಕ್ಕೆ ಸಿಕ್ಕುತ್ತದೆ. ಲಂಗರಿಗೂ ಹಗ್ಗಕ್ಕೂ ನಡುವೆ ದೋಣಿಯ ಉದ್ದದಷ್ಟು ಸರಪಳಿ ಬೇಕು. ಶ್ಯಾಕಲ್ ಪಿನ್ನಿಗೆ ತಂತಿ ಸುತ್ತಿ. ಲಂಗರನ್ನು ಎಸೆಯದೆ ಇಳಿಸಿ, ದೋಣಿ ಹಿಂದೆ ಸರಿಯುತ್ತಿರುವಾಗ ಹಗ್ಗ ಬಿಡಿ, ಕೊನೆಗೆ ನಿಧಾನವಾಗಿ ಹಿಮ್ಮುಖ ಎಳೆದು ಕಚ್ಚಿಸಿ. ದಡದ ಒಂದು ತೆಂಗಿನ ಮರ, ಅದರ ಹಿಂದಿನ ಕಟ್ಟಡ ಒಂದೇ ಸಾಲಿನಲ್ಲಿ ಉಳಿದರೆ ದೋಣಿ ನಿಂತಿದೆ. ಹಿಂಬದಿಗೆ ಎಂದೂ ಕಟ್ಟಬೇಡಿ. ಅಲೆ ಒಳನುಗ್ಗಿ ದೋಣಿ ಮುಳುಗುತ್ತದೆ. ನೇತ್ರಾಣಿಯಂಥ ಕಡೆ ಹವಳದ ಮೇಲೆ ಲಂಗರು ಬೇಡವೇ ಬೇಡ.