ದೇಹಭಾರವೂ ದೇಹಬಲವೂ



ಆರೋಗ್ಯದ ಮಾತು ಬಂದಾಗಲೆಲ್ಲ ಇಂದು ಮೊದಲು ಕೇಳಿಬರುವ ಪ್ರಶ್ನೆ ‘ತೂಕ ಎಷ್ಟು?’ ಎಂಬುದು. ಸ್ಥೂಲಕಾಯದವರು ವ್ಯಾಯಾಮಕ್ಕೆ ಹೊರಡಲು ನಾಚುತ್ತಾರೆ. ‘ಮೊದಲು ತೂಕ ಇಳಿಯಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಹದಿಹರೆಯದ ಮಕ್ಕಳು, ಅದರಲ್ಲಿಯೂ ಕ್ರೀಡೆಯಲ್ಲಿ ತೊಡಗಿದವರು, ಹಗುರವಾಗಬೇಕೆಂದು ಊಟ ಬಿಡುತ್ತಾರೆ. ಈ ಎರಡು ತಪ್ಪುಗಳ ಬೇರು ಒಂದೇ. ದೇಹದ ಭಾರವನ್ನೇ ದೇಹದ ಬಲದ ಅಳತೆಗೋಲೆಂದು ಭಾವಿಸುವುದೇ ಆ ಬೇರು.

ಈ ಭಾವನೆಯನ್ನು ಒರೆಗೆ ಹಚ್ಚಲು ಬಂಡೆ ಏರುವ ಕ್ರೀಡೆ ಉತ್ತಮ ನಿದರ್ಶನ. ಇಲ್ಲಿ ಹಗ್ಗವಿರುವುದು ಬಿದ್ದರೆ ಹಿಡಿಯಲು ಮಾತ್ರ. ಏರುವವನು ತನ್ನ ಭಾರವನ್ನು ತನ್ನ ಬೆರಳು ಮತ್ತು ಪಾದಗಳಿಂದಲೇ ಮೇಲಕ್ಕೆ ಒಯ್ಯಬೇಕು. ಆದ್ದರಿಂದ ತೆಳ್ಳಗಿನವರಿಗೆ ಮಾತ್ರ ಇಲ್ಲಿ ಜಯವೆಂದು ತೋರುವುದು ಸಹಜ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳಿಗೂ ರಾಮನಗರದ ಬೆಟ್ಟಗಳಿಗೂ ಇದಕ್ಕಾಗಿಯೇ ಯುವಕ ಯುವತಿಯರು ಬರುತ್ತಿರುವುದರಿಂದ ವಿಷಯ ನಮಗೆ ದೂರದ್ದೇನಲ್ಲ.

ಕಠಿಣ ದಾರಿಗಳು, ಭಾರೀ ಮೈಕಟ್ಟು

ಬಂಡೆಯ ಮೇಲಿನ ಪ್ರತಿಯೊಂದು ದಾರಿಗೂ ಅದರ ಕಾಠಿಣ್ಯವನ್ನು ಸೂಚಿಸುವ ಶ್ರೇಣಿಯನ್ನು ಕೊಡುವುದು ವಾಡಿಕೆ. ಬ್ರಿಟನ್ನಿನ ಸಾಂಪ್ರದಾಯಿಕ ಆರೋಹಣದಲ್ಲಿ ಅತಿ ಕಠಿಣ ದಾರಿಗಳನ್ನು ‘ಇ’ ಅಕ್ಷರದೊಡನೆ ಅಂಕಿ ಸೇರಿಸಿ ಗುರುತಿಸುತ್ತಾರೆ. ದಾರಿಯ ಕಷ್ಟದ ಜೊತೆಗೆ ಅದರ ಅಪಾಯವನ್ನೂ ಆ ಶ್ರೇಣಿ ಹೇಳುತ್ತದೆ.

ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಜಾನ್ ಡನ್ ಅವರು ಆರೋಹಿಗಳ ನಡುವೆ ತಮ್ಮ ಭಾರೀ ಮೈಕಟ್ಟಿಗಾಗಿಯೇ ಹೆಸರಾದವರು. ಶೆಫೀಲ್ಡ್ ಸಮೀಪದ ಬರ್ಬೇಜ್ ಬಂಡೆಗಳಲ್ಲಿ ‘ಪಾರ್ಥಿಯನ್ ಶಾಟ್’ ಎಂಬ ದಾರಿಯನ್ನು 1989ರಲ್ಲಿ ಮೊದಲಬಾರಿಗೆ ಏರಿದವರು ಅವರೇ. ಅದರ ಶ್ರೇಣಿ ಇ 9; ಆ ಕಾಲದಲ್ಲಿ ಅದು ದೇಶದ ಅತಿ ಕಠಿಣ ದಾರಿಗಳ ಸಾಲಿನಲ್ಲಿ ನಿಂತಿತು. ಇಲ್ಕ್ಲಿಯ ‘ದಿ ನ್ಯೂ ಸ್ಟೇಟ್ಸ್‌ಮನ್’ ಎಂಬ ದಾರಿಯೂ ಅವರದೇ ಸಾಧನೆ. ಕ್ರೀಡೆಗೆ ‘ಸರಿಯಾದ’ ದೇಹವೆಂದು ಜನ ಕಲ್ಪಿಸಿಕೊಂಡ ಅಚ್ಚಿನಲ್ಲಿ ಅವರು ಇರಲಿಲ್ಲ. ಬಂಡೆ ಅದನ್ನು ಕೇಳಲೂ ಇಲ್ಲ.

ಭಾರ ಎಲ್ಲಿ ಹೊರೆಯಾಗುತ್ತದೆ?

ಭಾರಕ್ಕೆ ಬೆಲೆಯೇ ಇಲ್ಲವೆಂದು ಹೇಳುವುದು ಸತ್ಯವಾಗಲಾರದು. ಮುಂದಕ್ಕೆ ಚಾಚಿದ ಬಂಡೆಯಲ್ಲಿ ದೇಹವು ಬೆರಳುಗಳಿಂದ ತೂಗುತ್ತದೆ. ಅಲ್ಲಿ ಮುಖ್ಯವಾಗುವುದು ಬೆರಳ ಶಕ್ತಿಗೂ ದೇಹಭಾರಕ್ಕೂ ಇರುವ ಅನುಪಾತ. ಈ ಅನುಪಾತವನ್ನು ಉತ್ತಮಪಡಿಸಲು ದಾರಿಗಳು ಎರಡು: ಭಾರವನ್ನು ಇಳಿಸುವುದು, ಇಲ್ಲವೇ ಶಕ್ತಿಯನ್ನು ಏರಿಸುವುದು. ಮೊದಲನೆಯ ದಾರಿಗೆ ಬೇಗನೆ ಮಿತಿ ಬರುತ್ತದೆ. ಎರಡನೆಯದು ವರ್ಷಗಟ್ಟಲೆ ಫಲ ಕೊಡುತ್ತದೆ.

ಇಳಿಜಾರು ಬಂಡೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಭಾರದ ಬಹುಪಾಲನ್ನು ಕಾಲುಗಳು ಹೊರುತ್ತವೆ. ಭಾರ ಹೆಚ್ಚಿದಂತೆ ಪಾದವು ಕಲ್ಲನ್ನು ಒತ್ತುವ ಬಲವೂ ಹೆಚ್ಚಿ, ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದ್ದರಿಂದ ದಪ್ಪಗಿನವರು ಹೆಚ್ಚು ಜಾರುತ್ತಾರೆಂಬ ನಿಯಮವಿಲ್ಲ. ಸೊಂಟವನ್ನು ಬಂಡೆಗೆ ಹತ್ತಿರವಿರಿಸಿ, ಭಾರವನ್ನು ಪಾದಗಳ ಮೇಲೆ ನಿಲ್ಲಿಸುವ ಜಾಣ್ಮೆ ಬಂದವನು ತೋಳಿನ ಶ್ರಮವನ್ನು ಬಹಳಷ್ಟು ಉಳಿಸುತ್ತಾನೆ.

2000ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು 24 ಪುರುಷರನ್ನೂ 20 ಮಹಿಳೆಯರನ್ನೂ ಪರೀಕ್ಷಿಸಿತು. ಆರೋಹಣದ ಸಾಮರ್ಥ್ಯದಲ್ಲಿ ಕಂಡ ವ್ಯತ್ಯಾಸದ ಶೇಕಡ 58.9 ಭಾಗವು ತರಬೇತಿಯಿಂದ ಬದಲಾಗಬಲ್ಲ ಅಂಶಗಳಿಂದ ವಿವರಿಸಲ್ಪಟ್ಟಿತು. ದೇಹದ ಅಳತೆಗಳ ಅಂಶ ವಿವರಿಸಿದ್ದು ಶೇಕಡ 0.3 ಮಾತ್ರ, ಅಂಗಗಳ ಬಾಗುವಿಕೆಯ ಅಂಶ ಶೇಕಡ 1.8. ನಿರ್ದಿಷ್ಟ ಅಳತೆಯ ದೇಹವಿದ್ದರೆ ಮಾತ್ರ ಮೇಲೇರಬಹುದೆಂಬ ನಂಬಿಕೆಗೆ ಇಲ್ಲಿ ಆಧಾರ ದೊರೆಯಲಿಲ್ಲ.

ಆಯುರ್ವೇದದ ದೃಷ್ಟಿ

ಈ ವಿವೇಕ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯನ್ನು ಹತ್ತು ಬಗೆಯಿಂದ ಪರೀಕ್ಷಿಸುವ ವಿಧಾನವಿದೆ. ಪ್ರಮಾಣ ಎಂದರೆ ದೇಹದ ಅಳತೆ. ಅದು ಹತ್ತರಲ್ಲಿ ಒಂದು ಮಾತ್ರ. ಅಂಗಾಂಗಗಳ ಬಿಗಿಯಾದ ಜೋಡಣೆಯಾದ ಸಂಹನನ, ಧಾತುಗಳ ಸಾರ, ಮನೋಬಲವಾದ ಸತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ ಮೊದಲಾದವುಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೈತುಂಬಿದವನನ್ನು ಬಲಶಾಲಿಯೆಂದೂ ಕೃಶನನ್ನು ದುರ್ಬಲನೆಂದೂ ನೋಟಮಾತ್ರದಿಂದ ತೀರ್ಮಾನಿಸಿ ವೈದ್ಯನು ಮೋಸಹೋಗಬಾರದೆಂದು ಚರಕರು ಎಚ್ಚರಿಸುತ್ತಾರೆ. ತನಗಿಂತ ದೊಡ್ಡ ಹೊರೆಯನ್ನೊಯ್ಯುವ ಇರುವೆಯ ಉದಾಹರಣೆ ಅಲ್ಲಿಯೇ ಇದೆ.

ಬಲವೂ ಮೂರು ವಿಧ. ಹುಟ್ಟಿನಿಂದ ಬಂದದ್ದು ಸಹಜ. ಋತು ಮತ್ತು ವಯಸ್ಸಿಗೆ ತಕ್ಕದ್ದು ಕಾಲಜ. ಆಹಾರ ಮತ್ತು ಅಭ್ಯಾಸಗಳಿಂದ ಗಳಿಸಿದ್ದು ಯುಕ್ತಿಕೃತ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಪ್ರತಿಯೊಬ್ಬರ ಕಾಯಕದ ಫಲ.

ಸ್ಥೌಲ್ಯ ಮತ್ತು ಕಾರ್ಶ್ಯ ಎರಡನ್ನೂ ಶಾಸ್ತ್ರ ನಿಂದಿಸಿದೆ. ಎರಡರಲ್ಲಿ ಕಾರ್ಶ್ಯವೇ ಮೇಲೆಂದು ಹೇಳಿದ್ದರೂ ಅದು ಸ್ಥೌಲ್ಯದ ಚಿಕಿತ್ಸೆ ಹೆಚ್ಚು ಕಷ್ಟವೆಂಬ ಕಾರಣದಿಂದ. ಬೇಕೆಂದೇ ಕೃಶವಾಗಿರೆಂಬ ಉಪದೇಶ ಅದಲ್ಲ.

ಹಸಿವಿನಿಂದ ಹಗುರವಾಗುವ ಅಪಾಯ

ಭಾರ ಇಳಿದರೆ ಮೇಲೇರುವುದು ಕೆಲಕಾಲ ಸುಲಭವಾಗುವುದು ನಿಜ. ಇದೇ ಮೋಸದ ಬಾಗಿಲು. ಶ್ರಮಕ್ಕೆ ತಕ್ಕ ಆಹಾರ ದೊರೆಯದಿದ್ದರೆ ದೇಹವು ಇತರ ಕಾರ್ಯಗಳನ್ನು ಒಂದೊಂದಾಗಿ ಕಡಿತಗೊಳಿಸುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುತ್ತದೆ; ಮೂಳೆಗಳು ಸವೆಯುತ್ತವೆ; ರೋಗನಿರೋಧಕ ಶಕ್ತಿ ಕುಗ್ಗುತ್ತದೆ; ಗಾಯ ಮಾಯುವುದು ತಡವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಕೊರತೆ’ ಎಂಬರ್ಥದ ಹೆಸರು ಕೊಟ್ಟಿತು. ಗಂಡುಮಕ್ಕಳೂ ಇದರಿಂದ ಹೊರತಲ್ಲ.

ಅಂತರರಾಷ್ಟ್ರೀಯ ಆರೋಹಣ ಒಕ್ಕೂಟವು ಈ ವಿಷಯದಲ್ಲಿ ಸಾಕಷ್ಟು ಕ್ರಮ ಕೈಗೊಳ್ಳುತ್ತಿಲ್ಲವೆಂದು ಅದರ ವೈದ್ಯಕೀಯ ಸಮಿತಿಯ ಇಬ್ಬರು ವೈದ್ಯರು 2023ರಲ್ಲಿ ರಾಜೀನಾಮೆ ಕೊಟ್ಟರು. ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಅವರೂ ಬಹಿರಂಗವಾಗಿ ಎಚ್ಚರಿಕೆಯ ಮಾತನಾಡಿದರು. 2024ರಲ್ಲಿ ಒಕ್ಕೂಟವು ಈ ಸ್ಥಿತಿಯನ್ನು ತಡೆಯಲು ಪ್ರತ್ಯೇಕ ನೀತಿಯನ್ನು ತಂದಿತು. ಮನೆಯ ಮಗಳು ಆಟಕ್ಕಾಗಿ ಊಟ ತಪ್ಪಿಸುತ್ತಿದ್ದರೆ, ತಿಂಗಳ ಮುಟ್ಟು ನಿಂತಿದ್ದರೆ, ಅದನ್ನು ಶಿಸ್ತೆಂದು ಹೊಗಳದೆ ತಡಮಾಡದೆ ವೈದ್ಯರಲ್ಲಿಗೆ ಕರೆತನ್ನಿರಿ.

ಭಾರವುಳ್ಳವರು ಗಮನಿಸಬೇಕಾದುದು

ಬಂಡೆಯೇ ಆಗಲಿ, ಬೆಟ್ಟದ ಮೆಟ್ಟಿಲೇ ಆಗಲಿ, ಹೊಲದ ಕೆಲಸವೇ ಆಗಲಿ, ನಿಯಮ ಒಂದೇ. ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿದ್ದವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ವ್ಯಾಯಾಮವನ್ನು ಅರ್ಧಶಕ್ತಿಗೆ ಮಿತಗೊಳಿಸಬೇಕೆಂದು ಸುಶ್ರುತ ಮತ್ತು ವಾಗ್ಭಟರು ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿಂದ ಉಸಿರಾಡುವಂತಾದರೆ ಅಂದಿಗೆ ಸಾಕು.

ಸ್ನಾಯುಗಳು ಕೆಲವು ವಾರಗಳಲ್ಲಿ ಬಲಗೊಳ್ಳುತ್ತವೆ. ಸ್ನಾಯುರಜ್ಜುಗಳಿಗೂ ಸಂಧಿಬಂಧಗಳಿಗೂ ತಿಂಗಳುಗಳೇ ಬೇಕು. ಬೆರಳಿನ ರಜ್ಜುವನ್ನು ಮೂಳೆಗೆ ಹಿಡಿದಿಡುವ ಪಟ್ಟಿಗಳು ಹರಿಯುವುದು ಆರೋಹಿಗಳಲ್ಲಿ ಸಾಮಾನ್ಯವಾದ ಗಾಯ. ಆದ್ದರಿಂದ ಭಾರವುಳ್ಳವರು ಮೊದಲ ವರ್ಷ ದೊಡ್ಡ ಹಿಡಿತಗಳಲ್ಲಿ, ಇಳಿಜಾರು ಬಂಡೆಗಳಲ್ಲಿ, ಗುರುಮುಖೇನ ಅಭ್ಯಾಸ ಮಾಡಬೇಕು. ಹಗ್ಗ ಹಿಡಿದು ಕೆಳಗೆ ನಿಂತವರು ತಮಗಿಂತ ಬಹಳ ಹಗುರವಾಗಿದ್ದರೆ, ಬಿದ್ದಾಗ ಅವರು ಮೇಲಕ್ಕೆ ಸೆಳೆಯಲ್ಪಡುತ್ತಾರೆ. ಇದನ್ನು ಮೊದಲೇ ಯೋಚಿಸಿ ತಕ್ಕ ಸಾಧನಗಳನ್ನು ಬಳಸಬೇಕು.

ಆಹಾರದಲ್ಲಿ ಉಪವಾಸದ ಹಟ ಬೇಡ. ಸ್ಥೂಲರಲ್ಲಿ ಜಠರಾಗ್ನಿ ತೀಕ್ಷ್ಣವಾಗಿರುವುದರಿಂದ ಅವರಿಗೆ ಜೀರ್ಣಕ್ಕೆ ನಿಧಾನವಾಗಿಯೂ ಮೈ ಬೆಳೆಸದಂತೆಯೂ ಇರುವ ಆಹಾರವನ್ನು ಚರಕರು ಹೇಳಿದ್ದಾರೆ. ಜವೆಗೋಧಿ, ಹೆಸರು, ಹುರುಳಿ ಈ ಬಗೆಯವು. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆಯ ಊಟ ಹೊಟ್ಟೆಯನ್ನೂ ತುಂಬಿಸಿ ಕೆಲಸಕ್ಕೆ ಬೇಕಾದ ಕಸುವನ್ನೂ ಕೊಡುತ್ತದೆ.

ದೇಹವನ್ನು ದೇಗುಲವೆಂದು ಕಂಡ ಶರಣರ ಪರಂಪರೆಯಲ್ಲಿ ಹುಟ್ಟಿದ ನಾವು ಆ ದೇಗುಲವನ್ನು ತಕ್ಕಡಿಯಲ್ಲಿಟ್ಟು ಬೆಲೆಕಟ್ಟಬಾರದು. ಇದ್ದ ದೇಹದಿಂದಲೇ ಇಂದೇ ಆರಂಭಿಸೋಣ. ಅಭ್ಯಾಸ ನಿಂತರೆ ಹಗುರವಾದ ದೇಹವೂ ಭಾರವೇ. ಅಭ್ಯಾಸ ನಡೆದರೆ ಭಾರವಾದ ದೇಹಕ್ಕೂ ಎತ್ತರವುಂಟು.