ಹಳೆಯ ಜೀಪಿನ ಕ್ಲಚ್ಚಿಗೆ ದ್ರವದ ಸಿಲಿಂಡರುಗಳನ್ನು ಜೋಡಿಸಿದ ಮೇಲೆ ಕಾಣುವ ದೋಷಗಳು

ಹೊಲಕ್ಕೆ ಗೊಬ್ಬರವನ್ನೂ ಸಂತೆಗೆ ಮಾಲನ್ನೂ ಸಾಗಿಸಲು ಹಳೆಯ ಜೀಪುಗಳನ್ನು ಇಟ್ಟುಕೊಂಡಿರುವ ಭೂಮಾಲಿಕರು ಅನೇಕರಿರುವರು. ಇಂತಹ ಬಂಡಿಗಳಲ್ಲಿ ಪೆಡಲನ್ನು ತುಳಿದರೆ ಅಡ್ಡದಂಡವು ತಿರುಗಿ, ಕಂಬಿಯ ಮೂಲಕ ಕ್ಲಚ್ಚಿನ ಫೋರ್ಕನ್ನು ಎಳೆಯುವುದು. ಈ ಭಾಗಗಳು ಸವೆದಾಗಲೂ, ಬೇರೆ ಡೀಸೆಲ್ ಎಂಜಿನ್ನನ್ನು ಕೂರಿಸಿದುದರಿಂದ ಕಂಬಿಯು ಹೊಂದದೆ ಹೋದಾಗಲೂ, ಮೆಕ್ಯಾನಿಕರು ಅವುಗಳನ್ನು ತೆಗೆದು ದ್ರವದ ಒತ್ತಡದಿಂದ ನಡೆಯುವ ಎರಡು ಸಿಲಿಂಡರುಗಳನ್ನು ಜೋಡಿಸುವುದುಂಟು. ಪೆಡಲಿನ ಬಳಿಯದು ಮಾಸ್ಟರ್ ಸಿಲಿಂಡರು, ಫೋರ್ಕಿನ ಬಳಿಯದು ಸ್ಲೇವ್ ಸಿಲಿಂಡರು.

ಹೀಗೆ ಜೋಡಿಸಿದ ಬಳಿಕ ಗೇರು ಕಿರುಗುಟ್ಟಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯತಕ್ಕದ್ದು. ಕಣದಲ್ಲಿ ಆಳುಗಳು ಎದುರಿಗಿರುವಾಗ ಅಂತಹ ಬಂಡಿಯು ಮುನ್ನುಗ್ಗಿದರೆ ಪ್ರಾಣಾಪಾಯವೇ ಸಂಭವಿಸಬಹುದು. ಆದರೆ ಸಾಮಾನ್ಯವಾಗಿ ನಡೆಯುವುದೇನೆಂದರೆ, ಕೊಳವೆಯಲ್ಲಿ ಗಾಳಿಯಿದೆಯೆಂದು ಮತ್ತೆ ಮತ್ತೆ ಗಾಳಿ ತೆಗೆಯುವುದು; ಅದೂ ಫಲಿಸದಿದ್ದರೆ ಹೊಸ ಸಿಲಿಂಡರನ್ನು ಕೊಳ್ಳುವುದು. ಅಳೆಯದೆ ಹಣ ವೆಚ್ಚಮಾಡುವ ಈ ಪದ್ಧತಿಯು ನನಗೆ ಸಮ್ಮತವಲ್ಲ.

ಮೊದಲು ಎಂಜಿನ್ನನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಒಬ್ಬನು ಪೆಡಲನ್ನು ನಿಧಾನವಾಗಿ ಪೂರ್ತಿ ತುಳಿಯಲಿ. ಇನ್ನೊಬ್ಬನು ಎರಡು ಸಿಲಿಂಡರುಗಳ ದಂಡಗಳೂ ಎಷ್ಟೆಷ್ಟು ಚಲಿಸಿದುವೆಂದು ಅಳೆಯಲಿ. ಮಾಸ್ಟರಿನ ಒಳವ್ಯಾಸವು ಮುಕ್ಕಾಲು ಅಂಗುಲವೂ ಸ್ಲೇವಿನದು 7/8 ಅಂಗುಲವೂ ಆಗಿದ್ದರೆ, ಮಾಸ್ಟರಿನ ದಂಡವು 1 ಅಂಗುಲ ಸರಿದಾಗ ಸ್ಲೇವಿನದು ಸುಮಾರು 0.73 ಅಂಗುಲ ಸರಿಯಬೇಕು. ಪೆಡಲು ಹಗುರವಾಗಲೆಂದು 1 ಅಂಗುಲದ ಸ್ಲೇವನ್ನು ಹಾಕಿದರೆ 0.56 ಅಂಗುಲ ಮಾತ್ರವೇ ದೊರೆಯುವುದು. ಕಾಲಿಗೆ ಸುಖವಾದರೂ ಕ್ಲಚ್ಚು ಬಿಡಲಾರದು. ಎಷ್ಟು ಸಲ ಗಾಳಿ ತೆಗೆದರೂ ಈ ಲೆಕ್ಕವು ಬದಲಾಗದು.

ಅಳತೆಯು ಲೆಕ್ಕಕ್ಕಿಂತ ಕಡಮೆಯಾಗಿದ್ದು, ಪೆಡಲನ್ನು ಬೇಗಬೇಗ ನಾಲ್ಕೈದು ಸಲ ತುಳಿದಾಗ ಹೆಚ್ಚಿದರೆ, ಆಗ ಗಾಳಿಯೇ ಕಾರಣವಿರಬಹುದು. ಗಾಳಿ ಬಿಡುವ ತಿರುಪು ಸ್ಲೇವಿನ ಅತ್ಯಂತ ಮೇಲ್ಭಾಗದಲ್ಲಿದೆಯೇ ಎಂದು ನೋಡಿರಿ. ಕೆಳಗಿದ್ದರೆ ಗಾಳಿಯು ಒಳಗೇ ನಿಲ್ಲುವುದು. ಮಾಸ್ಟರನ್ನು ತೆಳುತಗಡಿನ ಮೇಲೆ ಕೂರಿಸಿದ್ದರೆ, ತುಳಿಯುವಾಗ ತಗಡೇ ಬಾಗುತ್ತಿದೆಯೇ ಎಂದು ಕೈಯಿಟ್ಟು ಪರೀಕ್ಷಿಸಿರಿ. ಬಾಗುತ್ತಿದ್ದರೆ ಹಿಂದೆ ದಪ್ಪ ಪಟ್ಟಿಯನ್ನು ಕೊಡಿಸಬೇಕು. ಒತ್ತಿ ಹಿಡಿದ ಪೆಡಲು ತಾನಾಗಿ ಇಳಿದರೆ ರಬ್ಬರು ಕೆಟ್ಟಿರುವ ಅಥವಾ ದ್ರವವು ಸೋರುತ್ತಿರುವ ಲಕ್ಷಣ. ಅಳತೆಯು ಸರಿಯಾಗಿದ್ದು, ಸಿಲಿಂಡರುಗಳೂ ತಕ್ಕವಾಗಿದ್ದರೆ ಮಾತ್ರ ಗೇರುಪೆಟ್ಟಿಗೆಯನ್ನು ಇಳಿಸಿ ಪ್ಲೇಟನ್ನು ನೋಡಬಹುದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಭಾರವನ್ನು ಹೇರಿಕೊಂಡು ದೂರ ಹೋದ ಮೇಲೆ ಕ್ಲಚ್ಚು ಜಾರತೊಡಗಿದರೆ, ಬಂಡಿಯನ್ನು ನಿಲ್ಲಿಸಿ ಸ್ಲೇವಿನ ತಿರುಪನ್ನು ಸ್ವಲ್ಪ ಸಡಿಲಿಸಿರಿ. ದ್ರವವು ಚಿಮ್ಮಿ, ಕ್ಲಚ್ಚು ಮತ್ತೆ ಹಿಡಿದರೆ, ಮಾಸ್ಟರಿನ ದಂಡಕ್ಕೆ ಸಡಿಲವಿಲ್ಲದೆ ದ್ರವವು ಹಿಂದಿರುಗುವ ರಂಧ್ರವು ಮುಚ್ಚಿದೆಯೆಂದೇ ಹೆಚ್ಚಾಗಿ ಅರ್ಥ. ಕಾಯ್ದು ಹಿಗ್ಗಿದ ದ್ರವವು ಫೋರ್ಕನ್ನು ಒತ್ತಿಕೊಂಡೇ ಇರುವುದು. ದಂಡಕ್ಕೆ ಸುಮಾರು 1 ಮಿಲಿಮೀಟರು ಸಡಿಲವನ್ನು ಕೊಡತಕ್ಕದ್ದು. ಹಾಗೆಯೇ ಓಡಿಸಿದರೆ ಪ್ಲೇಟು ಸುಟ್ಟುಹೋಗುವುದು.

ಇನ್ನು ದ್ರವದ ವಿಚಾರ. ಜನರು ಇದನ್ನು ಬ್ರೇಕ್ ಆಯಿಲ್ ಎನ್ನುವರು. ಆ ಹೆಸರೇ ಮೋಸಗೊಳಿಸುವಂತಹುದು. ಎಣ್ಣೆಯೆಂದು ನಂಬಿ ಎಂಜಿನ್ ಆಯಿಲನ್ನು ಸುರಿದರೆ ಒಳಗಿನ ರಬ್ಬರುಗಳು ಉಬ್ಬಿ ಕೆಡುವುವು. ಮುಚ್ಚಳದ ಮೇಲೆ ನಮೂದಿಸಿರುವ ಡಾಟ್ 3 ಅಥವಾ ಡಾಟ್ 4 ದ್ರವವನ್ನೇ, ಹೊಸದಾಗಿ ಒಡೆದ ಡಬ್ಬಿಯಿಂದ ಹಾಕಬೇಕು. ತೆರೆದಿಟ್ಟದ್ದು ಗಾಳಿಯ ತೇವವನ್ನು ಹೀರಿರುತ್ತದೆ. ಆಗಲೇ ಎಂಜಿನ್ ಆಯಿಲ್ ಬಿದ್ದಿದ್ದರೆ, ಕೊಳವೆಯನ್ನು ತೊಳೆಸಿ, ಎರಡು ಸಿಲಿಂಡರುಗಳ ರಬ್ಬರುಗಳನ್ನೂ ರಬ್ಬರಿನ ಹೋಸನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು.