ಕಡ್ಡಿ, ಕಾದಂಬರಿ, ಕಿರುತೆರೆ

ಪ್ರೇಮ ಕಾದಂಬರಿ ಓದುವುದು, ಜೋಡಿ ಕೂಡಿಸುವ ರಿಯಾಲಿಟಿ ಷೋ ನೋಡುವುದು, ಉಲ್ಲನ್ ಹೆಣೆಯುವುದು. ಬಹಳ ವರ್ಷಗಳಿಂದ ನನ್ನ ಸಂಜೆಗಳೆಲ್ಲ ಈ ಮೂರಕ್ಕೇ ಮೀಸಲು. ಮೂರನ್ನೂ ಜನ ‘ಟೈಂಪಾಸು’ ಎಂದು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇವುಗಳಲ್ಲೂ ಗಟ್ಟಿ ಕೆಲಸವಿದೆ, ಕಳಪೆ ಕೆಲಸವಿದೆ. ಯಾವುದು ಯಾವುದೆಂದು ತಿಳಿಯುತ್ತ ಹೋದಂತೆ ಸುಖ ಇಮ್ಮಡಿಯಾಗುತ್ತದೆ. ಹಾಗೆ ತಿಳಿಯಲು ನನಗೆ ನೆರವಾದ ಕೆಲವು ಪಾಠಗಳನ್ನು ಇಲ್ಲಿ ಬರೆದಿದ್ದೇನೆ.

1. ಕೊನೆ ಗೊತ್ತಿದ್ದರೆ ಕಥೆ ಕೆಡುವುದಿಲ್ಲ

“ಕೊನೆಗೆ ಇವರಿಬ್ರೇ ಅಲ್ವಾ ಅತ್ತೆ ಮದುವೆ ಆಗೋದು? ಮತ್ಯಾಕೆ ಓದ್ತೀರಿ?” ಎಂದು ಸೊಸೆ ಕೇಳುತ್ತಾಳೆ. ಹೌದು, ಇವರಿಬ್ಬರೇ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಮುಂದೆ ತನ್ನ ವ್ಯಾಪಾರವನ್ನೆಲ್ಲ ಈ ಭರವಸೆಯ ಮೇಲೆಯೇ ಕಟ್ಟಿತು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಂದದ್ದು 1813ರಲ್ಲಿ. ಎಲಿಜಬೆತ್ ಡಾರ್ಸಿಯನ್ನೇ ಒಪ್ಪುತ್ತಾಳೆಂದು ತಿಳಿದಿದ್ದೂ ಜನ ಇವತ್ತಿಗೂ ಅದನ್ನು ಕೈಗೆತ್ತಿಕೊಳ್ಳುತ್ತಾರೆ.

ನಾನು ನೋಡುವುದು ಇಬ್ಬರ ನಡುವೆ ಬರುವ ಅಡ್ಡಿಯನ್ನು. ಐದು ನಿಮಿಷ ಕೂತು ಮಾತಾಡಿದ್ದರೆ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಮುನ್ನೂರು ಪುಟ ಎಳೆದಿದ್ದರೆ ಆ ಪುಸ್ತಕ ಸೊರಗಿದ್ದು. ಅಡ್ಡಿ ಅವರವರ ಸ್ವಭಾವದಲ್ಲೇ ಇದ್ದು, ಇಬ್ಬರೂ ಒಂದಿಷ್ಟು ಬದಲಾಗದೆ ಕೂಡಲಾರರು ಎಂದಿದ್ದರೆ ಅದನ್ನು ನಂಬಿ ಓದಬಹುದು. ಡಾರ್ಸಿಯ ಗರ್ವ ಇಳಿಯಬೇಕು, ಎಲಿಜಬೆತ್‌ಳ ಅವಸರದ ತೀರ್ಮಾನವೂ ಸಡಿಲಬೇಕು. ಪುಸ್ತಕ ಇಷ್ಟು ವರ್ಷ ಬಾಳಿದ್ದಕ್ಕೆ ಅದೇ ಕಾರಣ.

2. ಮದುವೆ ಕಥೆಯಲ್ಲಿ ಎಲ್ಲಿ ಬರುತ್ತದೆ ನೋಡಿ

ಇಂಗ್ಲಿಷ್ ಪ್ರೇಮ ಕಾದಂಬರಿಯಲ್ಲಿ ಮದುವೆ ಸಾಮಾನ್ಯವಾಗಿ ಕೊನೆಯ ಪುಟದಲ್ಲಿ. ನಮ್ಮ ಕಾದಂಬರಿಗಾರ್ತಿಯರು ಎಷ್ಟೋ ಸಲ ಅದನ್ನು ನಡುವಿಗೇ ತಂದುಬಿಡುತ್ತಾರೆ. ವಾಣಿಯವರ ‘ಎರಡು ಕನಸು’ ನೆನಪಿಸಿಕೊಳ್ಳಿ. 1974ರಲ್ಲಿ ಅದು ಸಿನಿಮಾ ಆದಾಗ ರಾಜ್‌ಕುಮಾರ್, ಕಲ್ಪನಾ, ಮಂಜುಳಾ ನಟಿಸಿದರು. ಒಬ್ಬಳಲ್ಲಿ ಮನಸ್ಸಿಟ್ಟವನಿಗೆ ಇನ್ನೊಬ್ಬಳ ಜೊತೆ ಮದುವೆಯಾಗುತ್ತದೆ. ತಾಳಿ ಕಟ್ಟಿದ ಮೇಲೆ ನಿಜವಾದ ಕಥೆ ಶುರು: ಒಂದೇ ಸೂರಿನಡಿ ಇರುವ ಹೆಂಡತಿಯನ್ನು ಅವನು ಯಾವಾಗ ಕಣ್ಣು ಬಿಟ್ಟು ನೋಡುತ್ತಾನೆ? ಹಿರಿಯರು ನೋಡಿ ಮಾಡಿದ ಮದುವೆಯೇ ರೂಢಿಯಾದ ಸಮಾಜದಲ್ಲಿ ಪ್ರೇಮ ಮೊಳೆಯಬೇಕಾದದ್ದು ಸಂಸಾರದ ಒಳಗೇ. ನಮ್ಮ ಲೇಖಕಿಯರು ಅದನ್ನು ಅರಿತು ಬರೆದರು.

ನೆಟ್‌ಫ್ಲಿಕ್ಸ್‌ನಲ್ಲಿ 2020ರ ಫೆಬ್ರವರಿಯಲ್ಲಿ ಶುರುವಾದ ಅಮೆರಿಕದ ‘ಲವ್ ಈಸ್ ಬ್ಲೈಂಡ್’ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಗಂಡು ಹೆಣ್ಣು ಗೋಡೆಯ ಆಚೆ ಈಚೆ ಕೂತು ಬರೀ ಮಾತಾಡುತ್ತಾರೆ. ಮುಖ ನೋಡುವ ಮೊದಲೇ ಮದುವೆಗೆ ಒಪ್ಪಿಗೆ ಆಗಿಬಿಡಬೇಕು. ಆಮೇಲೆ ಕೆಲವು ವಾರ ಜೊತೆಯಲ್ಲಿದ್ದು, ಮದುವೆಯ ದಿನ ಎಲ್ಲರೆದುರು ಹೌದೋ ಅಲ್ಲವೋ ಹೇಳಬೇಕು. ಒಪ್ಪಿಗೆ ಮೊದಲು, ಪರಿಚಯ ಆಮೇಲೆ! ನಮ್ಮ ಅಜ್ಜಿಯರಿಗೆ ಇದು ಹೊಸತೇನಲ್ಲ. ಪಾತ್ರೆ ಯಾರು ತೊಳೆಯಬೇಕು, ದುಡ್ಡು ಯಾರ ಕೈಯಲ್ಲಿರಬೇಕು, ಅತ್ತೆ ಏನಂದಾರು ಎಂಬ ಮಾತು ಬಂದಾಗ ಆ ಜೋಡಿಗಳ ಮುಖ ನೋಡಬೇಕು. ಕಡಲತೀರದ ಮುತ್ತಿಗಿಂತ ಆ ಭಾಗದಲ್ಲೇ ನನಗೆ ರಸ ಹೆಚ್ಚು.

ಅದೇ ವರ್ಷ ಬಂದ ‘ಇಂಡಿಯನ್ ಮ್ಯಾಚ್‌ಮೇಕಿಂಗ್’ ಅಷ್ಟು ಹಿಡಿಸಲಿಲ್ಲ. ಅಲ್ಲಿ ಬಯೋಡೇಟಾ, ಎತ್ತರ, ಬಣ್ಣ ಎಂಬ ತಪಾಸಣೆಯಲ್ಲೇ ಸಮಯ ಹೋಗುತ್ತದೆ. ಇಬ್ಬರು ಮನಸ್ಸು ಬಿಚ್ಚಿ ಮಾತಾಡುವುದು ಕಡಿಮೆ.

3. ‘ಒಲ್ಲೆ’ ಎನ್ನುವವಳ ಕಥೆಯನ್ನೂ ಓದಿ

ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರು. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳಪ್ಪನ ದುಡ್ಡಿನಲ್ಲಿ ಪರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ ಮೇಲೆ ಮೋಹನನ ಒಲವು ಆರಿಹೋಗುತ್ತದೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವಳ ಬೆಲೆ ಅವನಿಗೆ ಆಗ ತಿಳಿಯುತ್ತದೆ, ಕೈ ಚಾಚುತ್ತಾನೆ. ಇಂದಿರಾ ಒಪ್ಪುವುದಿಲ್ಲ.

ಇಂಥ ಪುಸ್ತಕಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂದು ಹೆಸರಿಟ್ಟು ಮೂಗು ಮುರಿದವರಿದ್ದರು. ಅದರಿಂದ ನನಗೆ ಇಂದಿಗೂ ನೋವಾಗುತ್ತದೆ. ತ್ರಿವೇಣಿ ಮನಃಶಾಸ್ತ್ರ ಓದಿದವರು. ಬಾಣಂತಿಯ ಮನಸ್ಸು ಕದಡಿದರೆ ಏನಾಗುತ್ತದೆ, ಗುಣವಾಗಿ ಬಂದವಳನ್ನು ಗಂಡ, ನೆರೆಹೊರೆ ಹೇಗೆ ನೋಡುತ್ತಾರೆ ಎಂಬುದನ್ನು ‘ಶರಪಂಜರ’ದಲ್ಲಿ ಬರೆದರು. 1963ರಲ್ಲಿ, 40 ತುಂಬುವ ಮೊದಲೇ, ತೀರಿಹೋದರು.

4. ಷೋಗೆ ತಕ್ಕ ಹೆಣಿಗೆ

ಕೈ ಹೆಣೆಯುತ್ತಿರಲಿ, ಕಣ್ಣು ಟೀವಿಯಲ್ಲಿರಲಿ ಎಂದರೆ ಎಲ್ಲ ಹೆಣಿಗೆಗೂ ಆಗದು. ಕೊರಿಯಾ, ಜಪಾನಿನ ಷೋಗಳಲ್ಲಿ ಕೆಳಗಿನ ಸಾಲು ಓದಬೇಕಾದ್ದರಿಂದ ಕೈಗೆ ಬರೀ ಸೀದಾ ಸಾಲು ಕೊಡಿ, ಮಫ್ಲರ್ ಅಥವಾ ಮಗುವಿನ ಕಂಬಳಿ. ಭಾಷೆ ಕಿವಿಗೇ ತಿಳಿಯುವ ಷೋ ಇದ್ದರೆ ಎರಡು ಸೀದಾ, ಎರಡು ಉಲ್ಟಾ ಬಾರ್ಡರ್ ಹಾಕಬಹುದು. ಕುತ್ತಿಗೆ ಇಳಿಸುವಾಗ, ತೋಳು ಕೂಡಿಸುವಾಗ ಟೀವಿ ಆರಿಸಿಬಿಡಿ. ಓದಿಗಾದರೆ ಆಡಿಯೊ ಪುಸ್ತಕ ಇದೆ. ಕನ್ನಡದ ಮೈಲ್ಯಾಂಗ್ ಆ್ಯಪ್‌ನಲ್ಲೂ ಸಿಗುತ್ತವೆ.

5. ಅಳತೆಯ ತುಂಡು ಮೊದಲು

ಸ್ವೆಟರ್‌ಗೆ ಕೈ ಹಾಕುವ ಮೊದಲು ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಅಂಗೈ ಅಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಪ್ಯಾಟರ್ನ್‌ನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಎಂದಿದೆ, ನಿಮ್ಮ ಕೈಗೆ 20 ಬಂತು ಎಂದಿಟ್ಟುಕೊಳ್ಳಿ. 90 ಸೆಂ.ಮೀ. ಎದೆಸುತ್ತಿಗೆ 198 ಕುಣಿಕೆ ಹಾಕಿದರೆ ಸ್ವೆಟರ್ 99 ಸೆಂ.ಮೀ. ಆಗಿ ಜೋತಾಡುತ್ತದೆ. ಕಡ್ಡಿಯ ನಂಬರಿನ ಮೇಲೂ ಗಮನವಿರಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೆಯ ಇಂಗ್ಲಿಷ್ ಅಳತೆಯಲ್ಲಿ ನಂಬರು ಏರಿದಷ್ಟೂ ಕಡ್ಡಿ ತೆಳ್ಳಗೆ: 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ಪ್ಯಾಟರ್ನ್‌ನಲ್ಲಿ ಇದು ತಿರುಗುಮುರುಗು. ಅವರ 8 ಎಂದರೆ 5 ಮಿ.ಮೀ.

6. ಜೋಡಣೆ ಎಲ್ಲಿದೆ ಹುಡುಕಿ

‘ಲವ್ ಈಸ್ ಬ್ಲೈಂಡ್’ನಲ್ಲಿ ಎಲ್ಲರ ಕೈಯಲ್ಲೂ ಚಿನ್ನದ ಬಣ್ಣದ ಲೋಟ. ಗಾಜಿನದಾಗಿದ್ದರೆ ಪಾನೀಯದ ಮಟ್ಟ ಒಂದು ಕ್ಷಣ ಅರ್ಧ, ಮರುಕ್ಷಣ ಪೂರ್ತಿ ಕಂಡು, ಎರಡು ಹೊತ್ತಿನ ಮಾತನ್ನು ಒಂದಕ್ಕೊಂದು ಅಂಟಿಸಿದ್ದು ಬಯಲಾಗುತ್ತಿತ್ತು. ಇದು ತಿಳಿದ ಮೇಲೆ ನನ್ನ ನೋಟವೇ ಬದಲಾಯಿತು. ಯಾರದೋ ಕಟುಮಾತು ಕೇಳಿಸುವಾಗ ತೆರೆಯ ಮೇಲೆ ಅವರ ತುಟಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಆ ಮಾತು ಬೇರೆ ಕಡೆಯಿಂದ ತಂದು ಸೇರಿಸಿದ್ದಿರಬಹುದು.

7. ತೆರೆಯ ಮೇಲಿರುವವರು ಪಾತ್ರಗಳಲ್ಲ

ಮೋಹನನನ್ನು ಎಷ್ಟು ಬೈದರೂ ಅವನಿಗೆ ತಾಗದು. ಷೋನಲ್ಲಿರುವವರಿಗೆ ತಾಗುತ್ತದೆ. ಜಪಾನಿನ ‘ಟೆರೇಸ್ ಹೌಸ್’ ನಾನು ಕಂಡ ಅತ್ಯಂತ ಸೌಮ್ಯ ಷೋಗಳಲ್ಲೊಂದು. ಅದರಲ್ಲಿದ್ದ ಕುಸ್ತಿಪಟು ಹಾನಾ ಕಿಮುರಾ, ತನ್ನ ಕುಸ್ತಿಯ ಉಡುಪು ಬಟ್ಟೆ ಒಗೆಯುವಾಗ ಕೆಟ್ಟಿತೆಂದು ಮನೆಯ ಸಂಗಾತಿಯ ಮೇಲೆ ರೇಗಿದ್ದು ಪ್ರಸಾರವಾಯಿತು. ಅದನ್ನು ನೋಡಿದವರು ಜಾಲತಾಣಗಳಲ್ಲಿ ಅವಳ ಮೇಲೆ ಬೈಗುಳದ ಮಳೆಗರೆದರು. 2020ರ ಮೇ ತಿಂಗಳಲ್ಲಿ ಅವಳು ಪ್ರಾಣ ಕಳೆದುಕೊಂಡಳು. ವಯಸ್ಸು 22. ಷೋ ನಿಂತಿತು. 2022ರಲ್ಲಿ ಜಪಾನ್ ನಿಂದನೆಯ ಕಾನೂನನ್ನು ಬಿಗಿಗೊಳಿಸಿ ಒಂದು ವರ್ಷದವರೆಗೆ ಸೆರೆವಾಸ ವಿಧಿಸಿತು. ನೋಡಿ, ಮನೆಯವರ ಜೊತೆ ಕೂತು ಚರ್ಚಿಸಿ. ಷೋನಲ್ಲಿರುವವರ ಖಾತೆಗೆ ಹೋಗಿ ಒಂದು ಅಕ್ಷರವನ್ನೂ ಕೆಟ್ಟದಾಗಿ ಬರೆಯಬೇಡಿ.

8. ಶುರು ಮಾಡುವವರಿಗೆ

8 ನಂಬರಿನ ಒಂದು ಜೊತೆ ಕಡ್ಡಿ, ತಿಳಿ ಬಣ್ಣದ 200 ಗ್ರಾಂ ಉಲ್ಲನ್ ಸಾಕು. ಕಪ್ಪು ಬೇಡ, ಕುಣಿಕೆ ಕಾಣುವುದಿಲ್ಲ. 40 ಕುಣಿಕೆ ಹಾಕಿ, ಪ್ರತಿ ಸಾಲೂ ಸೀದಾ ಹೆಣೆಯುತ್ತ ಹೋದರೆ ಏಳೆಂಟು ಇಂಚು ಅಗಲದ ಮಫ್ಲರ್ ಬರುತ್ತದೆ. ಪುಸ್ತಕಕ್ಕೆ ವಾಣಿ, ತ್ರಿವೇಣಿ, ಉಷಾ ನವರತ್ನರಾಂ, ಸಾಯಿಸುತೆ ಇದ್ದಾರೆ. ಅವರ ಹಳೆಯ ಪ್ರತಿಗಳು ಅಮ್ಮನ, ಅತ್ತೆಯ ಕಪಾಟಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಎಷ್ಟೋ ಶೀರ್ಷಿಕೆಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಓದುವ ಹುಡುಗಿಯೊಬ್ಬಳಿಗೆ ಕೊಡಿ, ಇಲ್ಲವೇ ನಿಮ್ಮೂರಿನ ಗ್ರಂಥಾಲಯಕ್ಕೆ ಒಪ್ಪಿಸಿ.